ಎಷ್ಟೋ ವರ್ಷಗಳ ಮೇಲೆ ಮತ್ತೆ ಬೀಜಗಣಿತ: ಕಾಲೇಜಿಗೆ ಮರಳಿದವರು ಎಲ್ಲಿಂದ ಶುರು ಮಾಡಬೇಕು

ಓದು ಬಿಟ್ಟು ಬಹಳ ವರ್ಷಗಳಾದ ಮೇಲೆ ಕಾಲೇಜಿಗೆ ಸೇರಿದವರು ಬೀಜಗಣಿತದ ಪುಸ್ತಕ ತೆರೆದ ಕೂಡಲೇ ‘ಇದು ನನ್ನ ತಲೆಗೆ ಹತ್ತುವುದಿಲ್ಲ’ ಅನ್ನುತ್ತಾರೆ. ಅವರು ಬಿಡಿಸಿದ ಹಾಳೆಯನ್ನು ಒಂದೊಂದೇ ಸಾಲು ಓದಿದರೆ ಬೇರೆ ಸಂಗತಿ ಕಾಣುತ್ತದೆ. ಸಮೀಕರಣವನ್ನು ಸರಿಯಾಗಿಯೇ ಹಿಡಿದಿರುತ್ತಾರೆ, ಮೂರನೇ ಸಾಲಿನಲ್ಲಿ ಭಿನ್ನರಾಶಿ ಕೂಡುವಾಗ ಎಡವಿರುತ್ತಾರೆ. ಇಲ್ಲವೇ ಆವರಣ ಬಿಚ್ಚುವಾಗ ಒಂದು ಮೈನಸ್ ಬಿಟ್ಟುಹೋಗಿರುತ್ತದೆ. ಬೀಜಗಣಿತ ಬರುವುದಿಲ್ಲ ಎಂದು ಅವರು ತಿಳಿದಿರುವುದರಲ್ಲಿ ಹೆಚ್ಚಿನ ಪಾಲು ಅಂಕಗಣಿತದ ಹಳೆಯ ಕೊರತೆ. ಉಳಿದದ್ದು ‘=’ ಗುರುತನ್ನು ತಪ್ಪಾಗಿ ಓದುವ ಅಭ್ಯಾಸ. ಎರಡನ್ನೂ ದೊಡ್ಡವರಾದ ಮೇಲೆ ಸರಿಪಡಿಸಿಕೊಳ್ಳಬಹುದು. ಆದರೆ ಅದಕ್ಕೊಂದು ಕ್ರಮವಿದೆ. ಪುಸ್ತಕದ ಮೊದಲ ಅಧ್ಯಾಯದಿಂದ ಕಣ್ಣುಮುಚ್ಚಿಕೊಂಡು ಹೊರಡುವುದು ಆ ಕ್ರಮವಲ್ಲ.

ಮೊದಲು ಕೊರತೆ ಎಲ್ಲಿದೆ ಎಂದು ನೋಡಿ

ಕ್ಯಾಲ್ಕುಲೇಟರ್ ಪಕ್ಕಕ್ಕಿಟ್ಟು ಈ ಎಂಟು ಲೆಕ್ಕಗಳನ್ನು ಮಾಡಿ. ಸಮಯದ ಮಿತಿ ಬೇಡ.

1. 3/4 + 2/5
2. 2/3 ÷ 4/9
3. 7 − (−5)
4. −4 × 6 + 10
5. −3² ಎಷ್ಟು? (−3)² ಎಷ್ಟು?
6. 18 − 2 × (5 + 1)
7. 40ರಲ್ಲಿ ಶೇಕಡಾ 15
8. 0.3 × 0.2

ಉತ್ತರಗಳು ಕ್ರಮವಾಗಿ 23/20, 3/2, 12, −14, −9 ಮತ್ತು 9, 6, 6, 0.06.

ಎಂಟೂ ಸರಿಯಾದರೆ ಮುಂದಿನ ಎರಡು ಭಾಗಗಳನ್ನು ಮೇಲಿಂದ ಮೇಲೆ ಓದಿಕೊಂಡು ಹೋಗಿ. ಎರಡು ಮೂರು ತಪ್ಪಿದರೂ ಅಲ್ಲೇ ನಿಂತು ಒಂದೆರಡು ವಾರ ಅಂಕಗಣಿತವನ್ನೇ ಮಾಡಿ. ತರಗತಿ ಮುಂದೆ ಹೋಗುತ್ತಿರುವಾಗ ಹಿಂದಕ್ಕೆ ಹೋಗುವುದು ದಂಡವೆಂದು ಅನಿಸುತ್ತದೆ, ಆದರೆ ಈ ಎರಡು ವಾರಗಳಷ್ಟು ಲಾಭದ ಸಮಯ ಇಡೀ ಸೆಮಿಸ್ಟರಿನಲ್ಲಿ ಇನ್ನೊಂದಿಲ್ಲ. ಮಗ್ಗಿ ಮರೆತಿದ್ದರೆ 12ರವರೆಗೆ ಮತ್ತೆ ಬಾಯಿಪಾಠ ಮಾಡಿ. ದೊಡ್ಡವರು ಮಗ್ಗಿ ಹೇಳುವುದರಲ್ಲಿ ನಾಚಿಕೆಯ ಮಾತೇನೂ ಇಲ್ಲ. 42 ಎಂದರೆ 6 × 7 ಎಂದು ತಟ್ಟನೆ ಹೊಳೆಯದವರಿಗೆ ಮುಂದೆ ಅಪವರ್ತನ (ಗುಣಿಸಿದಾಗ ಅದೇ ಬರುವ ಭಾಗಗಳಾಗಿ ಒಡೆಯುವುದು) ಮಾಡುವಾಗ ಪ್ರತಿ ಲೆಕ್ಕವೂ ಎರಡು ಪಟ್ಟು ಉದ್ದವಾಗುತ್ತದೆ.

ಭಿನ್ನರಾಶಿ: ನಿಯಮಕ್ಕಿಂತ ಮೊದಲು ಕಾರಣ

ಶಾಲೆಯಲ್ಲಿ ಕಲಿತ ‘ತಿರುಗಿಸಿ ಗುಣಿಸು’ ಎಂಬ ನಿಯಮ ಹಲವರಿಗೆ ನೆನಪಿರುತ್ತದೆ. ಯಾವುದನ್ನು ತಿರುಗಿಸಬೇಕು ಎಂಬುದು ಮಾತ್ರ ನೆನಪಿರುವುದಿಲ್ಲ. ಕಾರಣ ಗೊತ್ತಿದ್ದರೆ ಆ ಗೊಂದಲ ಬರುವುದಿಲ್ಲ. 2/3 ÷ 4/9 ಎಂದರೆ 2/3ರಲ್ಲಿ 4/9 ಎಷ್ಟು ಸಲ ಇದೆ ಎಂಬ ಪ್ರಶ್ನೆ. 2/3 ಅಂದರೆ 6/9. ಆರು ಒಂಬತ್ತನೇ ಭಾಗಗಳಲ್ಲಿ ನಾಲ್ಕು ಒಂಬತ್ತನೇ ಭಾಗಗಳು ಒಂದೂವರೆ ಸಲ ಇವೆ. ಉತ್ತರ 3/2. ಎರಡನೆಯ ಭಿನ್ನರಾಶಿಯನ್ನು ತಿರುಗಿಸಿ ಗುಣಿಸಿದರೂ ಇದೇ ಬರುತ್ತದೆ.

ಕೂಡುವಾಗ ಛೇದಗಳನ್ನು, ಅಂದರೆ ಗೆರೆಯ ಕೆಳಗಿನ ಸಂಖ್ಯೆಗಳನ್ನು, ಸಮ ಮಾಡಬೇಕಾದದ್ದೂ ಇದೇ ಕಾರಣಕ್ಕೆ: ನಾಲ್ಕನೇ ಭಾಗಗಳನ್ನೂ ಐದನೇ ಭಾಗಗಳನ್ನೂ ಒಟ್ಟಿಗೆ ಎಣಿಸಲಾಗದು, ಎರಡನ್ನೂ ಇಪ್ಪತ್ತನೇ ಭಾಗಗಳಾಗಿ ಬರೆದರೆ ಎಣಿಸಬಹುದು. ಉತ್ತರಗಳನ್ನು ದಶಮಾಂಶಕ್ಕೆ ಬದಲಾಯಿಸುವ ಚಪಲ ಬಿಡಿ. 1/3 ಎಂದು ಬರೆದರೆ ಅದು ಪೂರ್ತಿ ನಿಖರ, 0.33 ಎಂದು ಬರೆದ ಕ್ಷಣವೇ ಸ್ವಲ್ಪ ತಪ್ಪು ಒಳಸೇರಿತು.

ಮೈನಸ್ ಗುರುತಿಗೆ ಪ್ರತ್ಯೇಕ ಸಮಯ ಕೊಡಿ

ಋಣ ಸಂಖ್ಯೆಗಳನ್ನು ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಕ್ರಿ.ಶ. 628ರಲ್ಲೇ ಬ್ರಹ್ಮಗುಪ್ತರು ಸ್ಪಷ್ಟವಾಗಿ ಬರೆದಿಟ್ಟಿದ್ದರು. ಅವರದು ಧನ ಮತ್ತು ಋಣದ ಭಾಷೆ, ಅಂದರೆ ಆಸ್ತಿ ಮತ್ತು ಸಾಲ. ಯುರೋಪಿನ ಗಣಿತಜ್ಞರಲ್ಲಿ ಕೆಲವರು 18ನೇ ಶತಮಾನದಲ್ಲೂ ಋಣ ಸಂಖ್ಯೆಗಳನ್ನು ಒಪ್ಪಲು ಹಿಂಜರಿಯುತ್ತಿದ್ದರು. ಆದ್ದರಿಂದ ‘ಮೈನಸ್ ಇಂಟು ಮೈನಸ್ ಪ್ಲಸ್ ಹೇಗೆ?’ ಎಂಬ ಪ್ರಶ್ನೆ ನಿಮ್ಮಲ್ಲಿ ಇನ್ನೂ ಉಳಿದಿದ್ದರೆ ಅದು ದಡ್ಡತನದ ಪ್ರಶ್ನೆಯಲ್ಲ. ಹೀಗೆ ಬರೆದು ನೋಡಿ:

3 × (−2) = −6
2 × (−2) = −4
1 × (−2) = −2
0 × (−2) = 0

ಪ್ರತಿ ಸಾಲಿನಲ್ಲೂ ಉತ್ತರ 2ರಷ್ಟು ಏರುತ್ತಿದೆ. ಮುಂದಿನ ಸಾಲು (−1) × (−2). ಏರಿಕೆ ನಡುವೆ ಮುರಿಯಬಾರದು ಎಂದಾದರೆ ಉತ್ತರ 2 ಆಗಲೇಬೇಕು.

ಅಭ್ಯಾಸದಲ್ಲಿ ಹೆಚ್ಚು ತೊಂದರೆ ಕೊಡುವ ಜಾಗಗಳು ಎರಡು. ಒಂದು, ಆವರಣದ ಮುಂದಿನ ಮೈನಸ್: 9 − (4 − 1) ಎಂದರೆ 9 − 4 + 1, ಅಂದರೆ 6. ಮೈನಸ್ ಆವರಣದೊಳಗಿನ ಪ್ರತಿ ಪದಕ್ಕೂ ತಗಲುತ್ತದೆ, ಮೊದಲನೆಯದಕ್ಕೆ ಮಾತ್ರವಲ್ಲ. ಇನ್ನೊಂದು, ವರ್ಗದ ಮುಂದಿನ ಮೈನಸ್: −3² ಎಂದರೆ ಮೊದಲು 3ರ ವರ್ಗ, ಆಮೇಲೆ ಮೈನಸ್. (−3)² ಎಂದರೆ ಮೈನಸ್ ಸಮೇತ ವರ್ಗ. ಕ್ಯಾಲ್ಕುಲೇಟರ್‌ನಲ್ಲಿ ಆವರಣ ಹಾಕದೆ ಒತ್ತಿದವರಿಗೆ ಅನೇಕ ಸಲ ಬೇಡದ ಉತ್ತರ ಸಿಗುವುದು ಇಲ್ಲೇ.

‘=’ ಗುರುತನ್ನು ಮತ್ತೆ ಓದಲು ಕಲಿಯಿರಿ

ಈ ಪ್ರಶ್ನೆ ನೋಡಿ: 8 + 4 = ☐ + 5. ಚೌಕದಲ್ಲಿ ಯಾವ ಸಂಖ್ಯೆ?

ತಟ್ಟನೆ 12 ಎಂದು ಹೊಳೆದರೆ, ನಿಮ್ಮ ಮನಸ್ಸು ‘=’ ಅನ್ನು ‘ಲೆಕ್ಕ ಮಾಡಿ ಉತ್ತರ ಬರೆ’ ಎಂಬ ಆಜ್ಞೆಯಾಗಿ ಓದುತ್ತಿದೆ ಎಂದು ಅರ್ಥ. ಸರಿಯುತ್ತರ 7. ‘=’ ಹೇಳುವುದು ಇಷ್ಟೇ: ಎಡಬದಿಯ ಬೆಲೆಯೂ ಬಲಬದಿಯ ಬೆಲೆಯೂ ಒಂದೇ. 1557ರಲ್ಲಿ ಈ ಗುರುತನ್ನು ಬಳಕೆಗೆ ತಂದ ಗಣಿತಜ್ಞ ರಾಬರ್ಟ್ ರೆಕಾರ್ಡ್ ಎರಡು ಸಮಾಂತರ ಗೆರೆಗಳನ್ನು ಆರಿಸಿಕೊಂಡದ್ದು, ಅವುಗಳಷ್ಟು ಸಮನಾದ ಎರಡು ವಸ್ತುಗಳು ಬೇರೆ ಇರಲಾರವು ಎಂಬ ಕಾರಣಕ್ಕೆ.

ಸಮೀಕರಣವನ್ನು ಸಮತೂಕದಲ್ಲಿ ನಿಂತ ತಕ್ಕಡಿ ಎಂದುಕೊಳ್ಳಿ. ಒಂದು ತಟ್ಟೆಗೆ ಏನು ಮಾಡುತ್ತೀರೋ ಇನ್ನೊಂದಕ್ಕೂ ಅದನ್ನೇ ಮಾಡಬೇಕು. ಸಮೀಕರಣ ಬಿಡಿಸುವ ಎಲ್ಲ ನಿಯಮಗಳೂ ಈ ಒಂದು ಮಾತಿನಿಂದ ಹೊರಟವು.

ಶಾಲೆಯಲ್ಲಿ ಬಹಳ ಮಂದಿ ಇದನ್ನು ‘ಆ ಕಡೆಗೆ ಹೋದರೆ ಚಿಹ್ನೆ ಬದಲಾಗುತ್ತದೆ’ ಎಂದು ಕಲಿತಿರುತ್ತೇವೆ. ವಯಸ್ಕ ವಿದ್ಯಾರ್ಥಿ ಮೊದಲು ಬಿಡಬೇಕಾದ ಮಾತು ಇದೇ ಎಂದು ನನ್ನ ಗಟ್ಟಿ ಅಭಿಪ್ರಾಯ. ಅದು ತಪ್ಪೆಂದಲ್ಲ, ಅರ್ಧವೆಂದು. ಆ ನಿಯಮ ಮಾತ್ರ ನೆನಪಿರುವವರು 3 × ☐ = 12 ಎಂಬಲ್ಲಿಯೂ 3ನ್ನು ಆ ಕಡೆ ಕಳಿಸಿ, ಚಿಹ್ನೆ ಬದಲಿಸಿ, 12 − 3 = 9 ಎಂದು ಬರೆಯುತ್ತಾರೆ. ಯಾವುದೂ ಎಲ್ಲಿಗೂ ಹೋಗುವುದಿಲ್ಲ. ಎರಡೂ ಬದಿಯನ್ನು 3ರಿಂದ ಭಾಗಿಸಿದೆವು, ಎಡಗಡೆ 3 ಉಳಿಯಲಿಲ್ಲ, ಬಲಗಡೆ 4 ಬಂತು.

ಅಕ್ಷರ ಬಂದಾಗ

ನಿಮ್ಮ ಪುಸ್ತಕದಲ್ಲಿ ಎಕ್ಸ್ ಇರುವ ಜಾಗದಲ್ಲಿ ನಾನಿಲ್ಲಿ ‘ಯ’ ಎಂದು ಬರೆಯುತ್ತೇನೆ. 12ನೇ ಶತಮಾನದ ಭಾಸ್ಕರಾಚಾರ್ಯರೂ ಮೊದಲ ಅಜ್ಞಾತ ಸಂಖ್ಯೆಗೆ ‘ಯಾ’, ಎರಡನೆಯದಕ್ಕೆ ‘ಕಾ’, ಮೂರನೆಯದಕ್ಕೆ ‘ನೀ’ ಎಂದು ಬರೆಯುತ್ತಿದ್ದರು. ಎಕ್ಸ್, ವೈ, ಝಡ್ ಬಳಸುವ ರೂಢಿ ಬೇರೂರಿದ್ದು 1637ರಲ್ಲಿ ಫ್ರಾನ್ಸಿನ ಗಣಿತಜ್ಞ ಡೆಕಾರ್ಟ್ ಹಾಗೆ ಬರೆದ ಮೇಲೆ. ಅಕ್ಷರ ಯಾವುದೇ ಇರಲಿ, ಅದರ ಹಿಂದೆ ಇರುವುದು ಒಂದು ಸಂಖ್ಯೆ.

3ಯ ಎಂದರೆ 3 × ಯ. ಯ = 5 ಆದರೆ 3ಯ ಎಂಬುದು 15, 35 ಅಲ್ಲ. 3ಯ + 2ಯ = 5ಯ, ಏಕೆಂದರೆ ಒಂದೇ ಸಂಖ್ಯೆಯ ಮೂರು ಪಟ್ಟೂ ಎರಡು ಪಟ್ಟೂ ಸೇರಿ ಐದು ಪಟ್ಟು. ಆದರೆ 3ಯ + 2 ಎಂಬುದು 5ಯ ಆಗುವುದಿಲ್ಲ. ನಂಬಿಕೆ ಬರದಿದ್ದರೆ ಯ = 10 ಎಂದು ಹಾಕಿ: ಒಂದು 32, ಇನ್ನೊಂದು 50.

ಈಗ ಮಾಡಿದೆವಲ್ಲ, ಒಂದು ಸಂಖ್ಯೆ ಹಾಕಿ ನೋಡುವುದು, ಅದೇ ಈ ಲೇಖನದಲ್ಲಿ ನಾನು ಕೊಡಬಲ್ಲ ಅತ್ಯಂತ ಬೆಲೆಯ ಉಪಾಯ. ಯಾವ ಹೆಜ್ಜೆಯ ಬಗ್ಗೆ ಅನುಮಾನ ಬಂದರೂ ಶಿಕ್ಷಕರಿಗೆ, ಪುಸ್ತಕಕ್ಕೆ, ಯಾರಿಗೂ ಕಾಯಬೇಕಿಲ್ಲ. (ಯ + 3)² ಮತ್ತು ಯ² + 9 ಒಂದೇನಾ? ಯ = 5 ಹಾಕಿ: ಮೊದಲನೆಯದು 64, ಎರಡನೆಯದು 34. ಒಂದಲ್ಲ. ಸರಿಯಾದದ್ದು ಯ² + 6ಯ + 9. (ಯ + 6)/6 ಎಂಬಲ್ಲಿ ಮೇಲಿನ 6ನ್ನೂ ಕೆಳಗಿನ 6ನ್ನೂ ಹೊಡೆದುಹಾಕಬಹುದೇ? ಯ = 6 ಹಾಕಿ: 12/6 ಎಂದರೆ 2; ಹೊಡೆದುಹಾಕಿ ಯ ಉಳಿಸಿಕೊಂಡವರಿಗೆ 6 ಬರುತ್ತದೆ. ಹೊಡೆದುಹಾಕಬಹುದಾದದ್ದು ಅಂಶ ಛೇದ ಎರಡನ್ನೂ ಪೂರ್ತಿಯಾಗಿ ಗುಣಿಸುತ್ತಿರುವ ಸಂಖ್ಯೆಯನ್ನು ಮಾತ್ರ. ಪರೀಕ್ಷೆಗೆ 0, 1, 2 ಬೇಡ, ಆಕಸ್ಮಿಕವಾಗಿ ಎರಡೂ ಬದಿ ಹೊಂದಿಬಿಡಬಹುದು. 3, 5, 10 ಒಳ್ಳೆಯದು. ಬೆಲೆಗಳು ಹೊಂದದಿದ್ದರೆ ತಪ್ಪು ಖಚಿತ. ಹೊಂದಿದರೆ ಬಹುಶಃ ಸರಿ, ಇನ್ನೊಂದು ಸಂಖ್ಯೆ ಹಾಕಿ ನೋಡಿ.

ಸಮೀಕರಣ: ಒಂದು ಸಾಲಿಗೆ ಒಂದು ಹೆಜ್ಜೆ

5(ಯ − 2) = 3ಯ + 4
5ಯ − 10 = 3ಯ + 4 (ಆವರಣ ಬಿಚ್ಚಿದೆ)
2ಯ − 10 = 4 (ಎರಡೂ ಕಡೆ 3ಯ ಕಳೆದೆ)
2ಯ = 14 (ಎರಡೂ ಕಡೆ 10 ಕೂಡಿದೆ)
ಯ = 7 (ಎರಡೂ ಕಡೆ 2ರಿಂದ ಭಾಗಿಸಿದೆ)

ತಾಳೆ: ಎಡಗಡೆ 5 × 5 = 25. ಬಲಗಡೆ 21 + 4 = 25.

ಮೊದಲ ಒಂದು ತಿಂಗಳು ಆವರಣದಲ್ಲಿರುವ ಈ ಕಾರಣಗಳನ್ನೂ ಬರೆಯಿರಿ. ಎರಡು ಹೆಜ್ಜೆಯನ್ನು ಮನಸ್ಸಿನಲ್ಲೇ ಸೇರಿಸಿ ಒಂದು ಸಾಲು ಉಳಿಸುವುದರಿಂದ ಏನೂ ಲಾಭವಿಲ್ಲ. ಗಣಿತದ ಆತಂಕ ಇರುವವರಿಗಂತೂ ಇದು ಬಹಳ ಮುಖ್ಯ: ಆತಂಕವು ಲೆಕ್ಕ ಮಾಡುವಾಗ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿಯನ್ನೇ ತಿನ್ನುತ್ತದೆ. ಕಾಗದದ ಮೇಲಿರುವುದನ್ನು ಮನಸ್ಸು ಹಿಡಿದುಕೊಳ್ಳಬೇಕಾಗಿಲ್ಲ.

ಭಿನ್ನರಾಶಿ ಇರುವ ಸಮೀಕರಣ ಕಂಡರೆ ಮೊದಲು ಛೇದಗಳನ್ನು ತೊಲಗಿಸಿ. ಯ/3 + 1/2 = ಯ/2 − 1 ಎಂಬಲ್ಲಿ ಛೇದಗಳ ಲ.ಸಾ.ಅ. (ಎರಡರಿಂದಲೂ ಪೂರ್ತಿ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) 6. ಎರಡೂ ಬದಿಯ ಪ್ರತಿ ಪದವನ್ನೂ 6ರಿಂದ ಗುಣಿಸಿದರೆ 2ಯ + 3 = 3ಯ − 6, ಆದ್ದರಿಂದ ಯ = 9. ಕೊನೆಯ −1 ಅನ್ನು ಗುಣಿಸಲು ಮರೆಯುವವರೇ ಹೆಚ್ಚು.

ಅಸಮತೆಗಳಲ್ಲಿ ಹೊಸದು ಒಂದೇ: ಋಣ ಸಂಖ್ಯೆಯಿಂದ ಗುಣಿಸಿದಾಗ ಅಥವಾ ಭಾಗಿಸಿದಾಗ ಗುರುತು ತಿರುಗುತ್ತದೆ. 2 < 5, ಆದರೆ −2 > −5.

ವಾಕ್ಯರೂಪದ ಲೆಕ್ಕಗಳು

ಇಲ್ಲಿ ನಿಧಾನಿಸಬೇಕು, ಏಕೆಂದರೆ ಚೆನ್ನಾಗಿ ಕಲಿತವರೂ ಇಲ್ಲಿ ತಪ್ಪುತ್ತಾರೆ. ಸುಮಾರು 1980ರಲ್ಲಿ ಅಮೆರಿಕದ ಸಂಶೋಧಕರು ಎಂಜಿನಿಯರಿಂಗ್‌ನ ಮೊದಲ ವರ್ಷದವರಿಗೆ ಒಂದು ಪ್ರಶ್ನೆ ಕೊಟ್ಟಿದ್ದರು: ‘ಈ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರ ಆರು ಪಟ್ಟು ವಿದ್ಯಾರ್ಥಿಗಳಿದ್ದಾರೆ. ಇದನ್ನು ಸಮೀಕರಣವಾಗಿ ಬರೆಯಿರಿ.’ ವಿದ್ಯಾರ್ಥಿಗಳ ಸಂಖ್ಯೆ ವಿ, ಪ್ರಾಧ್ಯಾಪಕರ ಸಂಖ್ಯೆ ಪ ಎಂದಿಟ್ಟುಕೊಳ್ಳಿ. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಮಂದಿಯ ಉತ್ತರ ತಪ್ಪಾಗಿತ್ತು; ತಪ್ಪಿದವರಲ್ಲಿ ಹೆಚ್ಚಿನವರು 6ವಿ = ಪ ಎಂದು ಬರೆದಿದ್ದರು. ವಾಕ್ಯದ ಪದಗಳನ್ನು ಬಂದ ಹಾಗೆಯೇ ಜೋಡಿಸಿದರೆ, ಅಥವಾ ‘ವಿ’ ಎಂದರೆ ವಿದ್ಯಾರ್ಥಿ ಎಂಬ ವ್ಯಕ್ತಿ ಎಂದುಕೊಂಡರೆ ಹೀಗಾಗುತ್ತದೆ. ಸಂಖ್ಯೆ ಹಾಕಿ: ಪ್ರಾಧ್ಯಾಪಕರು 10 ಆದರೆ ವಿದ್ಯಾರ್ಥಿಗಳು 60. 6 × 60 = 10 ಆಗುವುದೇ ಇಲ್ಲ. ಸರಿಯಾದದ್ದು ವಿ = 6ಪ.

ಆದ್ದರಿಂದ ಪ್ರತಿ ವಾಕ್ಯರೂಪದ ಲೆಕ್ಕದಲ್ಲೂ ಮೊದಲ ಸಾಲು ‘ಯ = ಚಿಕ್ಕ ಸಂಖ್ಯೆ’, ‘ಯ = ಹಿಡಿದ ಗಂಟೆಗಳು’ ಎಂಬಂತೆ ಪೂರ್ತಿ ಮಾತಿನಲ್ಲಿರಲಿ. ಎರಡನೆಯ ಸಾಲಿನಲ್ಲಿ ಉಳಿದ ರಾಶಿಗಳನ್ನು ಯ ಬಳಸಿ ಹೇಳಿ. ಸಮೀಕರಣ ಆಮೇಲೆ. ಉದಾಹರಣೆಗೆ, ಎರಡು ಸಂಖ್ಯೆಗಳ ಮೊತ್ತ 40. ದೊಡ್ಡದು ಚಿಕ್ಕದರ ಮೂರು ಪಟ್ಟಿಗಿಂತ 4 ಕಡಿಮೆ. ಚಿಕ್ಕದು ಯ, ದೊಡ್ಡದು 3ಯ − 4. ಆದ್ದರಿಂದ ಯ + 3ಯ − 4 = 40; ಯ = 11, ಇನ್ನೊಂದು 29. ತಾಳೆ ನೋಡುವಾಗ ನೀವು ಬರೆದ ಸಮೀಕರಣಕ್ಕೆ ಹಾಕಬೇಡಿ, ಪ್ರಶ್ನೆಯ ಮಾತುಗಳಿಗೇ ಹಾಕಿ. ಸಮೀಕರಣವೇ ತಪ್ಪಾಗಿದ್ದರೆ ಹಾಗೆ ಮಾಡಿದಾಗ ಮಾತ್ರ ಸಿಕ್ಕಿಬೀಳುತ್ತದೆ.

ಶೇಕಡಾವಾರು ಲೆಕ್ಕದಲ್ಲಿ ಕೇಳಿಕೊಳ್ಳಬೇಕಾದ್ದು ‘ಯಾವುದರ ಶೇಕಡಾ?’ ಎಂದು. ಒಂದು ಬೆಲೆ ಶೇಕಡಾ 20 ಇಳಿದು 640 ಆಯಿತು, ಮೊದಲು ಎಷ್ಟಿತ್ತು ಎಂದರೆ 640ಕ್ಕೆ ಅದರದೇ ಶೇಕಡಾ 20 ಸೇರಿಸಿ 768 ಎನ್ನುವವರಿದ್ದಾರೆ. ಇಳಿದದ್ದು ಮೊದಲಿನ ಬೆಲೆಯ ಶೇಕಡಾ 20. ಅಂದರೆ 0.8ಯ = 640, ಯ = 800.

ನಕ್ಷೆ ಮತ್ತು ವರ್ಗ ಸಮೀಕರಣ

ಸರಳ ರೇಖೆಯ ನಕ್ಷೆಗೆ ಕೈಯಲ್ಲೇ ಚೌಕುಳಿ ಹಾಳೆಯ ಮೇಲೆ ಹತ್ತಾರು ರೇಖೆ ಎಳೆಯುವುದು ಸಾಕು. ಕ = 2ಯ + 1 (ಪುಸ್ತಕದ ವೈ ಜಾಗದಲ್ಲಿ ಇಲ್ಲಿ ‘ಕ’) ಎಂಬಲ್ಲಿ 1 ಎಂದರೆ ರೇಖೆ ಲಂಬ ಅಕ್ಷವನ್ನು ಮುಟ್ಟುವ ಜಾಗ; 2 ಎಂದರೆ ಬಲಕ್ಕೆ ಒಂದು ಹೆಜ್ಜೆ ಹೋದಾಗ ಮೇಲಕ್ಕೆ ಎಷ್ಟು ಏರುತ್ತದೆ ಎಂಬ ಇಳಿಜಾರು. ಎರಡು ಸಮೀಕರಣ ಒಟ್ಟಿಗೆ ಬಿಡಿಸುವುದೆಂದರೆ ಎರಡು ರೇಖೆಗಳು ಸೇರುವ ಬಿಂದುವನ್ನು ಹುಡುಕುವುದು ಎಂಬುದು ಚಿತ್ರ ಎಳೆದವರಿಗೆ ತಾನಾಗಿಯೇ ತಿಳಿಯುತ್ತದೆ.

ವರ್ಗ ಸಮೀಕರಣದ, ಅಂದರೆ ಯ² ಇರುವ ಸಮೀಕರಣದ, ಸೂತ್ರವನ್ನು ಬಾಯಿಪಾಠ ಮಾಡುವ ಮುನ್ನ ಅದು ಎಲ್ಲಿಂದ ಬಂತೆಂದು ನೋಡಿ. 9ನೇ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಗಣಿತಜ್ಞ ಅಲ್ ಖ್ವಾರಿಜ್ಮಿ ಬಿಡಿಸಿ ತೋರಿಸಿದ ಪ್ರಸಿದ್ಧ ಲೆಕ್ಕ ಇದು: ಯ² + 10ಯ = 39. ಬಾಹು ಯ ಇರುವ ಒಂದು ಚೌಕ ಬರೆಯಿರಿ. ಅದರ ಬಲಕ್ಕೂ ಕೆಳಕ್ಕೂ 5 ಅಗಲದ ಒಂದೊಂದು ಆಯತ ಅಂಟಿಸಿ. ಎರಡೂ ಸೇರಿ 10ಯ. ಈಗ ಒಟ್ಟು ವಿಸ್ತೀರ್ಣ 39. ಮೂಲೆಯಲ್ಲಿ 5 × 5ರ ಜಾಗ ಖಾಲಿ ಉಳಿದಿದೆ. ಅದನ್ನು 25ರಿಂದ ತುಂಬಿದರೆ ದೊಡ್ಡ ಚೌಕ ಪೂರ್ತಿಯಾಯಿತು, ವಿಸ್ತೀರ್ಣ 64, ಬಾಹು 8. ಯ + 5 = 8, ಯ = 3. ಉದ್ದಕ್ಕೆ ಋಣ ಬೆಲೆ ಇಲ್ಲದ್ದರಿಂದ ಅವರು ಅಲ್ಲಿಗೇ ನಿಲ್ಲಿಸಿದರು. ನಾವು ಯ + 5 = −8 ಎಂಬುದನ್ನೂ ತೆಗೆದುಕೊಂಡು ಯ = −13 ಎಂಬ ಎರಡನೆಯ ಉತ್ತರವನ್ನೂ ಬರೆಯುತ್ತೇವೆ. ಪುಸ್ತಕದ ಸೂತ್ರ ಇದೇ ಕೆಲಸವನ್ನು ಸಂಖ್ಯೆಗಳ ಬದಲು ಅಕ್ಷರಗಳಲ್ಲಿ ಮಾಡಿದ್ದು. ಈ ಚಿತ್ರವನ್ನು ನೀವೇ ಒಮ್ಮೆ ಎಳೆಯಿರಿ, ದಯವಿಟ್ಟು ಓದಿಯಷ್ಟೇ ಬಿಡಬೇಡಿ.

ಒಂದು ಎಚ್ಚರಿಕೆ: ಯ² = 5ಯ ಎಂಬಲ್ಲಿ ಎರಡೂ ಕಡೆ ಯ ದಿಂದ ಭಾಗಿಸಿದರೆ ಯ = 5 ಮಾತ್ರ ಸಿಗುತ್ತದೆ, ಯ = 0 ಕಳೆದುಹೋಗುತ್ತದೆ. ಎಲ್ಲವನ್ನೂ ಒಂದೇ ಕಡೆ ತಂದು ಯ(ಯ − 5) = 0 ಎಂದು ಬರೆಯಿರಿ. ಗುಣಲಬ್ಧ ಸೊನ್ನೆಯಾದರೆ ಎರಡರಲ್ಲಿ ಒಂದಾದರೂ ಸೊನ್ನೆ.

ದಿನದ ಅಭ್ಯಾಸ ಹೇಗಿರಬೇಕು

ಕೆಲಸ, ಮನೆ ಎರಡನ್ನೂ ನೋಡಿಕೊಳ್ಳುವವರಿಗೆ ಸಮಯ ಚೂರುಚೂರಾಗಿಯೇ ಸಿಗುವುದು. ಅದು ಅನನುಕೂಲವೇನಲ್ಲ. ರಜೆಯ ದಿನ ಒಂದೇ ಪಟ್ಟಿನಲ್ಲಿ ನಾಲ್ಕು ಗಂಟೆ ಕೂರುವುದಕ್ಕಿಂತ ದಿನಕ್ಕೆ ಅರ್ಧ ಮುಕ್ಕಾಲು ಗಂಟೆ ಕೂತರೆ ಹೆಚ್ಚು ಉಳಿಯುತ್ತದೆ.

ಹೊಸ ವಿಷಯವನ್ನು ಮಾದರಿ ಲೆಕ್ಕದಿಂದ ಶುರು ಮಾಡಿ. 1985ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರಾದ ಸ್ವೆಲ್ಲರ್ ಮತ್ತು ಕೂಪರ್ ಬೀಜಗಣಿತದ ಮೇಲೆಯೇ ಪ್ರಯೋಗ ಮಾಡಿ, ಬಿಡಿಸಿಟ್ಟ ಒಂದು ಲೆಕ್ಕ ಓದಿ ಅದರಂಥದೇ ಒಂದನ್ನು ತಾವೇ ಬಿಡಿಸಿದವರು, ಎಲ್ಲವನ್ನೂ ತಾವೇ ಬಿಡಿಸಲು ಹೆಣಗಿದವರಿಗಿಂತ ಅದೇ ಬಗೆಯ ಲೆಕ್ಕಗಳನ್ನು ಬೇಗ ಮತ್ತು ಕಡಿಮೆ ತಪ್ಪಿನಲ್ಲಿ ಮಾಡಿದರು ಎಂದು ತೋರಿಸಿದರು. ಬೇರೆ ಬಗೆಯ ಲೆಕ್ಕಕ್ಕೆ ಆ ಲಾಭ ದಾಟಲಿಲ್ಲ ಎಂಬುದನ್ನೂ ನೆನಪಿಡಿ. ಹಾಗಾಗಿ ಮಾದರಿ ಓದಿದ ಮೇಲೆ ಪುಸ್ತಕ ಮುಚ್ಚಿ ಅದನ್ನೇ ಖಾಲಿ ಹಾಳೆಯ ಮೇಲೆ ಮತ್ತೆ ಬರೆಯಿರಿ, ಆಮೇಲೆ ಅಧ್ಯಾಯಗಳನ್ನು ಬೆರೆಸಿ ಅಭ್ಯಾಸ ಮಾಡಿ. ಒಂದೇ ಬಗೆಯ ಇಪ್ಪತ್ತು ಲೆಕ್ಕ ಸಾಲಾಗಿ ಮಾಡಿದರೆ ಕೈ ಓಡುತ್ತದೆ, ಯಾವಾಗ ಯಾವ ವಿಧಾನ ಎಂಬ ತೀರ್ಮಾನ ಬೆಳೆಯುವುದಿಲ್ಲ. ಪರೀಕ್ಷೆಯಲ್ಲಿ ಬೇಕಾಗುವುದು ಆ ತೀರ್ಮಾನವೇ. ವಿಡಿಯೊ ನೋಡುವುದನ್ನು ಅಭ್ಯಾಸದ ಲೆಕ್ಕಕ್ಕೆ ಸೇರಿಸಬೇಡಿ.

ತಪ್ಪಿದ ಲೆಕ್ಕಗಳಿಗೆ ಬೇರೆ ನೋಟ್‌ಬುಕ್ ಇರಲಿ. ತಪ್ಪಾದ ಸಾಲು, ಸರಿಯಾದ ಸಾಲು, ಕಾರಣ ನಾಲ್ಕು ಮಾತಿನಲ್ಲಿ. ‘ಅಜಾಗರೂಕತೆ’ ಎಂದು ಬರೆಯಬೇಡಿ, ಅದು ಕಾರಣವಲ್ಲ. ‘ಆವರಣದ ಎರಡನೇ ಪದಕ್ಕೆ ಮೈನಸ್ ಕೊಡಲಿಲ್ಲ’ ಎಂದು ಬರೆಯಿರಿ. ಎರಡು ವಾರದಲ್ಲಿ ನಿಮ್ಮ ತಪ್ಪುಗಳು ಮೂರು ನಾಲ್ಕೇ ಬಗೆಯವು ಎಂದು ಕಾಣತೊಡಗುತ್ತದೆ.

ಶಿಕ್ಷಕರ ಬಳಿ ಹೋಗುವಾಗ ‘ಅರ್ಥವಾಗಲಿಲ್ಲ’ ಎನ್ನುವ ಬದಲು ನಿಮ್ಮ ಹಾಳೆ ತೋರಿಸಿ ‘ಈ ಸಾಲಿನವರೆಗೆ ಗೊತ್ತಿದೆ, ಇಲ್ಲಿಂದ ಮುಂದೆ ಹೇಗೆ ಬಂತು?’ ಎಂದು ಕೇಳಿ. ಐದು ನಿಮಿಷದಲ್ಲಿ ಕೆಲಸವಾಗುತ್ತದೆ. ನಿಮಗಿಂತ ವಯಸ್ಸಿನಲ್ಲಿ ಚಿಕ್ಕವರಾದ ಸಹಪಾಠಿಗಳನ್ನೂ ಕೇಳಿ. ಅವರಿಗೆ ಶಾಲೆಯ ಪಾಠ ಇನ್ನೂ ಹಸಿಯಾಗಿರುತ್ತದೆ, ಮತ್ತು ಹೇಳಿಕೊಡುವುದರಿಂದ ಅವರಿಗೂ ಗಟ್ಟಿಯಾಗುತ್ತದೆ.

ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ಪೂರ್ತಿ ಓದಿ, ಖಚಿತವಾಗಿ ಬರುವ ಲೆಕ್ಕಗಳನ್ನು ಮೊದಲು ಮುಗಿಸಿ. ಕೊನೆಯ ಹತ್ತು ನಿಮಿಷ ಹೊಸ ಲೆಕ್ಕಕ್ಕೆ ಕೈ ಹಾಕದೆ, ಬಿಡಿಸಿದ ಸಮೀಕರಣಗಳಿಗೆ ಉತ್ತರವನ್ನು ಹಾಕಿ ತಾಳೆ ನೋಡಿ. ಹೊಂದದ್ದು ಸಿಕ್ಕರೆ ಪೂರ್ತಿ ಹೊಡೆದುಹಾಕುವ ಮುನ್ನ ಮೈನಸ್ ಇರುವ ಸಾಲುಗಳನ್ನು ಮೊದಲು ನೋಡಿ.